ಆರಿಂಚ್ ಮಿರರ್: ಅಪ್ಪನ ಕಾಗದ, ರಾಗಿ ಹಗೇವು, ಇಲ್ಲದ ಟರ್ನ್ಡ್ ಎಡ್ಜ್

ಕೊನೆಗೂ ಸಿಕ್ತು! ಮೂರು ವಾರದಿಂದ ಪ್ರಾಣ ತಿಂತಿದ್ದ ಟರ್ನ್ಡ್ ಎಡ್ಜ್, ಅಂದ್ರೆ ಅಂಚು ಕೆಳಗೆ ಜಾರೋ ದೋಷ, ಟೆಲಿಸ್ಕೋಪಿಗೆ ನಾನೇ ಉಜ್ಜಿ ಮಾಡ್ತಿರೋ ಮಿರರಲ್ಲಿ ಇರ್ಲೇ ಇಲ್ಲ. 6 ಇಂಚು ಅಗಲ, ಎಫ್ 8 (ಫೋಕಲ್ ಉದ್ದ ಅಗಲದ ಎಂಟರಷ್ಟು), ಗಾಜನ್ನ ಉಜ್ಜಿ ತಗ್ಗು ಮಾಡೋ ಗ್ರೈಂಡಿಂಗ್ ಕಥೆ ಬಿಡಿ. ಪಾಲಿಶ್ ಮುಗ್ಸಿ ಫೂಕೋ ಟೆಸ್ಟಿಗೆ (ಮಿರರಿಂದ ವಾಪಸ್ ಬರೋ ದೀಪದ ಬೆಳಕನ್ನ ಬ್ಲೇಡ್ ಅಂಚಿಂದ ತಡೆದು, ಕಾಣೋ ನೆರಳಲ್ಲಿ ಮೇಲ್ಮೈ ಏರುತಗ್ಗು ನೋಡೋದು) ಇಟ್ರೆ ಪ್ರತಿ ಸಲ ಅಂಚು ಕೆಳಗೆ ಜಾರಿದ ಹಾಗೇ ಕಾಣ್ತಿತ್ತು, ಮತ್ತೆ ಪಿಚ್ ಲ್ಯಾಪ್ (ಪಾಲಿಶ್ ಮಾಡೋ ಅಂಟಿನ ಬಿಲ್ಲೆ) ಮುಂದೆ ಕೂರೋದು, ಮತ್ತೆ ಅದೇ. ಸಾಲದ್ದಕ್ಕೆ ಈ ಸಲ ಬಂದ ಪಾಲಿಶ್ ಪುಡಿ ಸೀರಿಯಂ ಆಕ್ಸೈಡಲ್ಲಿ ಮರಳಿನಂಥ ಕಾಳು, ಎರಡು ಗೀರು ಬಿತ್ತು, ಕೇಳಿದ್ರೆ ಅಂಗಡಿಯವನು "ಜರಡಿ ಹಿಡ್ಕೊಳ್ಳಿ ಸಾರ್" ಅಂತಾನೆ. ದುಡ್ಡು ಕೊಟ್ಟಿರೋದು ಯಾತಕ್ಕೆ?

ಅಪ್ಪಂಗೆ ಫೋನಲ್ಲಿ ಸರಿಯಾಗಿ ಕೇಳ್ಸಲ್ಲ, ಅದಕ್ಕೆ ಈ ಕೆಲ್ಸ ಶುರು ಮಾಡ್ದಾಗಿಂದ ಎಲ್ಲಾನೂ ಕಾಗದದಲ್ಲೇ ಬರೀತೀನಿ. ಕಳೆದ ಸಲ ಕ್ಲೈಡ್ ಟಾಂಬಾ ಕಥೆ ಬರ್ದಿದ್ದೆ. ಕಾನ್ಸಾಸ್‌ನ ರೈತರ ಮಗ, ಮಿರರ್ ಟೆಸ್ಟ್ ಮಾಡೋವಾಗ ಗಾಳಿ ಆಡಬಾರ್ದು ಅಂತ ಹೊಲದಲ್ಲಿ 24 ಅಡಿ ಉದ್ದ 8 ಅಡಿ ಆಳದ ಗುಂಡಿ ತೋಡಿದ, ಆ ಟೆಲಿಸ್ಕೋಪಲ್ಲಿ ನೋಡಿ ಬರೆದ ಮಂಗಳ, ಗುರು ಚಿತ್ರ ಲೋವೆಲ್ ವೀಕ್ಷಣಾಲಯಕ್ಕೆ ಕಳ್ಸಿ 1929ರಲ್ಲಿ ಅಲ್ಲೇ ಕೆಲ್ಸಕ್ಕೆ ಸೇರ್ದ, ಮರುವರ್ಷ ಫೆಬ್ರವರಿ 18ಕ್ಕೆ ಪ್ಲೂಟೊ ಹಿಡಿದ. ಅಪ್ಪ ವಾಪಸ್ ಬರ್ದಿದ್ದು ಎರಡೇ ಸಾಲು: "ನಮ್ಮ ಹಗೇವಲ್ಲಿ ರಾಗಿ ವರ್ಷಗಟ್ಲೆ ಕೆಡ್ತಿರ್ಲಿಲ್ಲ, ಒಳಗೆ ಗಾಳಿ ಆಡ್ತಿರ್ಲಿಲ್ಲ, ಬಿಸಿಲು ತಾಕ್ತಿರ್ಲಿಲ್ಲ. ನೀನೂ ಅಂಥದ್ದೇ ಏನಾದ್ರೂ ಮಾಡು." ಹಗೇವು ಅಂದ್ರೆ ಧಾನ್ಯ ತುಂಬಿಡೋಕೆ ನೆಲದೊಳಗೆ ತೋಡಿದ ಗುಂಡಿ.

ಬಾಡಿಗೆ ಮನೇಲಿ ಗುಂಡಿ ಎಲ್ಲಿ ತೋಡೋದು. ರಟ್ಟಿನ ಡಬ್ಬ ಸಾಲಾಗಿ ಅಂಟ್ಸಿ ಮಿರರಿಗೂ ಟೆಸ್ಟರಿಗೂ ನಡುವೆ ಎಂಟಡಿ ಸುರಂಗ ಮಾಡ್ದೆ, ಮೇಲೆ ಕಂಬಳಿ. ಪಾಲಿಶ್ ಆದ ತಕ್ಷಣ ನೋಡೋ ಬದ್ಲು ರಾತ್ರಿಯಿಡೀ ಬಿಟ್ಟು ಬೆಳಗಿನ ಜಾವ ನಾಲ್ಕಕ್ಕೆ ಎದ್ದು ನೋಡ್ದೆ. ಬ್ಲೇಡ್ ಸರಿಸ್ತಾ ಹೋದ್ರೆ ನೆರಳು ಅಲ್ಲಾಡ್ತಾನೇ ಇಲ್ಲ, ಇಡೀ ಮಿರರ್ ಒಟ್ಟಿಗೇ ಬೂದಿ ಬಣ್ಣಕ್ಕೆ ತಿರುಗ್ತು, ಅಂದ್ರೆ ತಗ್ಗು ಸರಿಯಾದ ಗೋಳಾಕಾರ! ಅಂಚಲ್ಲಿ ಮಾತ್ರ ಕೂದಲೆಳೆಯಷ್ಟು ಏರು, ಅದು ನಾನು ಉಜ್ಜಿ ಉಜ್ಜಿ ಮಾಡಿದ್ದು, ಎರಡು ಸಲ ಕೂತ್ರೆ ಹೋಗತ್ತೆ. ಪಾಲಿಶಿಂದ ಬೆಚ್ಚಗಾದ ಗಾಜು ಅಂಚಿಂದ ಮೊದ್ಲು ಆರತ್ತೆ, ಆರಿದ ಕಡೆ ಕುಗ್ಗತ್ತೆ, ನಾನು ನೋಡ್ತಿದ್ದಿದ್ದು ಅದನ್ನೇ. ಖಾತ್ರಿಗೆ ಮಿರರ್ ಮೇಲೆ ಹೆಬ್ಬೆರಳು ಒಂದು ನಿಮಿಷ ಒತ್ತಿ ತೆಗ್ದೆ, ಅಲ್ಲೊಂದು ಗುಡ್ಡ ಎದ್ದು ನಿಧಾನಕ್ಕೆ ಕರಗಿ ಹೋಯ್ತು.

ಇನ್ನು ಪ್ಯಾರಾಬೊಲಾ, ಅಂದ್ರೆ ಆ ಗೋಳದ ತಗ್ಗನ್ನ ನಕ್ಷತ್ರದ ಬೆಳಕೆಲ್ಲಾ ಒಂದೇ ಕಡೆ ಸೇರೋ ಆಕಾರಕ್ಕೆ ತರೋದು. ನನ್ನ ಟೆಸ್ಟರಲ್ಲಿ ದೀಪ ಕದಲಲ್ಲ, ಹಾಗಾಗಿ ಬ್ಲೇಡ್ ನಿಲ್ಲೋ ಜಾಗದಲ್ಲಿ ಮಿರರಿನ ನಡುವಿಂದ ಅಂಚಿಗೆ 2.4 ಮಿಮೀ ವ್ಯತ್ಯಾಸ ಬರ್ಬೇಕು. ಅಂದಹಾಗೆ ಡಾಬ್ಸೋನಿಯನ್ ಪೆಟ್ಟಿಗೆಗೆ (ಟೆಲಿಸ್ಕೋಪ್ ಕೂರಿಸೋ ಮರದ ಸ್ಟ್ಯಾಂಡ್) ಅಪ್ಪ ಹಲಸಿನ ಹಲಗೆ ತೆಗ್ದಿಟ್ಟಿದಾರೆ ಅಂತ ಅಮ್ಮ ಫೋನಲ್ಲಿ ಅಂದ್ರು, ಅಳತೆ ಕೇಳಿದ್ರೆ ಹತ್ತಿಂಚ್ ಟೆಲಿಸ್ಕೋಪಿಗೇ ಸಾಕಾಗೋಷ್ಟಿದೆ, ಈಗ್ಲೇ ಗಾಜಿನ ರೇಟ್ ವಿಚಾರಿಸ್ತಿದೀನಿ. ಇವತ್ತಿನ ಕಾಗದಕ್ಕೆ ಆ ಬೂದಿ ಬಣ್ಣದ ಮಿರರನ್ನ ಪೆನ್ಸಿಲಲ್ಲಿ ಬರೆದು ಇಟ್ಟಿದೀನಿ, ಹೆಬ್ಬೆರಳಿನ ಗುಡ್ಡದ ಸಮೇತ.