ಏರ್ ಪಿಸ್ತೂಲು: ಸೈಟಿನ ಸ್ಕ್ರೂಗೆ ಕೈ ಹಾಕುವ ಮುಂಚೆ

ಹುಬ್ಬಳ್ಳಿ-ಧಾರವಾಡದ ಕಡೆ 10 ಮೀಟರ್ ಏರ್ ಪಿಸ್ತೂಲು ಹೊಸದಾಗಿ ಕೊಂಡವರು ಮೊದಲು ತಿರುವುವುದೇ ಸೈಟಿನ (ಗುರಿ ನೋಡುವ ಪಟ್ಟಿಯ) ಸ್ಕ್ರೂ. ಗುಂಡು ಎಡಕ್ಕೆ ಬಿತ್ತೆಂದು ಇವತ್ತು ನಾಲ್ಕು ಕ್ಲಿಕ್ ಬಲಕ್ಕೆ, ನಾಳೆ ಮತ್ತೆ ವಾಪಸ್. ಇದು ತಿರುಗಾಮುರುಗಾ ಕ್ರಮ. ಟ್ರಿಗರ್, ಗಾಳಿ, ಪೆಲೆಟ್ (ಸೀಸದ ಪುಟ್ಟ ಗುಂಡು) ಇವು ಮೂರೂ ಹದಕ್ಕೆ ಬಂದ ಮೇಲೆಯೇ ಸೈಟು.

ಸ್ಪರ್ಧೆಯ ನಿಯಮದಂತೆ ಟ್ರಿಗರ್ ಕನಿಷ್ಠ 500 ಗ್ರಾಂ ತಡೆಯಬೇಕು. ಬ್ಯಾರಲ್ ಮೇಲ್ಮುಖವಾಗಿ ಹಿಡಿದು, ಟ್ರಿಗರಿನ ನಡುವಿಗೆ ತೂಕದ ಬಟ್ಟು ಸಿಕ್ಕಿಸಿ, ಮೇಜಿನಿಂದ ನಿಧಾನಕ್ಕೆ ಎತ್ತಿದಾಗ ಟ್ರಿಗರ್ ಬಿಡಬಾರದು. ಮನೆಯಲ್ಲಿ ಬಟ್ಟು ಮಾಡಿಕೊಂಡರೆ ಕೊಕ್ಕೆ, ದಾರ ಸಮೇತ ಸರಾಫರ ಅಂಗಡಿಯಲ್ಲಿ ತೂಗಿಸಿ. ಸರಿಯಾಗಿ 500ಕ್ಕೇ ಕೂರಿಸಿದರೆ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೀರಿ, 510-520 ಇರಲಿ. ಇದರಲ್ಲಿ ಮೊದಲ ಹಂತಕ್ಕೆ (ಗುಂಡು ಹಾರುವ ಮುಂಚಿನ ಎಳೆತಕ್ಕೆ) 350-400 ಗ್ರಾಂ, ಉಳಿದದ್ದು ಎರಡನೆಯದಕ್ಕೆ, ಅಂದರೆ ಗುಂಡು ಹಾರಿಸುವ ಕೊನೆಯ ಎಳೆತಕ್ಕೆ.

ಟ್ರಿಗರಿನ ಸ್ಕ್ರೂಗಳನ್ನು ಒಂದು ಸಲಕ್ಕೆ ಕಾಲು ಸುತ್ತು ಮಾತ್ರ ತಿರುಗಿಸಿ, ಬರೆದಿಟ್ಟುಕೊಳ್ಳಿ. ಹಿಂದಿನ ತಡೆಸ್ಕ್ರೂ ಅತಿಯಾಗಿ ಒಳಗೆ ಹೋದರೆ ಟ್ರಿಗರ್ ಪೂರ್ತಿ ಎಳೆದರೂ ಒಮ್ಮೊಮ್ಮೆ ಹಾರುವುದಿಲ್ಲ. ಎರಡನೆಯ ಹಂತ 'ಗರಿಗರಿ' ಇರಲೆಂದು ಸಿಯರಿನ (ಟ್ರಿಗರ್ ಎಳೆಯುವ ತನಕ ಹೊಡೆತ ತಡೆದಿಡುವ ಕೊಂಡಿಯ) ಹಿಡಿತ ತೀರಾ ಕಡಿಮೆ ಮಾಡುವುದು ಇನ್ನೂ ಕೆಟ್ಟದ್ದು: ಲೋಡಿಂಗ್ ಲಿವರ್ ಮುಚ್ಚುವಾಗಲೇ ತಾನಾಗಿ ಬಿಡಬಹುದು. ಪೆಲೆಟ್ ಇಲ್ಲದೆ, ಗಾಳಿ ಬಿಡದೆ ಟ್ರಿಗರ್ ಮಾತ್ರ ಕೆಲಸ ಮಾಡುವ ಡ್ರೈ ಫೈರ್‌ಗೆ ಹಾಕಿ, ಕಾಕ್ ಮಾಡಿ ಗ್ರಿಪ್‌ಗೆ ಅಂಗೈಯಿಂದ ತಟ್ಟಿ ನೋಡಿ. ಬಿಟ್ಟರೆ ಸ್ಕ್ರೂ ಹಿಂದಕ್ಕೆ ತನ್ನಿ.

ಇನ್ನು ಗಾಳಿ. ಅದನ್ನು ತುಂಬುವ ಸಿಲಿಂಡರಿಗೆ ಸಾಮಾನ್ಯವಾಗಿ 200 ಬಾರ್ ಒತ್ತಡ, ತಯಾರಾದ ದಿನದಿಂದ 10 ವರ್ಷ ಆಯುಸ್ಸು. ತಾರೀಕು ಅದರ ಮೇಲೇ ಕೊರೆದಿರುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ಅದನ್ನೇ ಓದಿ. ಓ-ರಿಂಗಿಗೆ (ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆಗೆ) ಸಿಲಿಕೋನ್ ಗ್ರೀಸ್ ಬಿಟ್ಟು ಬೇರೇನೂ ಬೇಡ. ಹೊಲಿಗೆ ಯಂತ್ರದ ಎಣ್ಣೆ ಅಂತೂ ಬೇಡವೇ ಬೇಡ, ಹೆಚ್ಚಿನ ಒತ್ತಡದ ಗಾಳಿಯಲ್ಲಿ ಅದು ಹೊತ್ತಿಕೊಳ್ಳಬಹುದು. ಧಾರವಾಡದ ಜಿಟಿಜಿಟಿ ಮಳೆಯ ದಿನಗಳಲ್ಲಿ ಕೈಪಂಪಿನಿಂದ ತುಂಬುವವರು ತೇವದ ಫಿಲ್ಟರ್ ಆಗಾಗ ಬದಲಿಸಬೇಕು. ಬೇಸಿಗೆಯಲ್ಲಿ ಕಾಟ ಎರೆಮಣ್ಣಿನ ಧೂಳಿನದು; ಸಿಲಿಂಡರಿನ ಬಾಯಿಗೆ ಮುಚ್ಚಳ ಇರಲೇಬೇಕು. ಗಾಳಿಯ ಒತ್ತಡವನ್ನು ಒಂದೇ ಮಟ್ಟಕ್ಕೆ ಇಳಿಸುವ ರೆಗ್ಯುಲೇಟರಿನ ಸೀಟಿನಲ್ಲಿ ಕಸ ಕೂತರೆ ಸ್ವಲ್ಪ ಹೊತ್ತು ಬಿಟ್ಟು ಹೊಡೆದ ಮೊದಲ ಗುಂಡು ಮಾತ್ರ ಜೋರಾಗಿ ಹೋಗಿ, ಮುಂದಿನವು ಸರಿಯಾಗಿರುತ್ತವೆ. ವೇಗ ಸೆಕೆಂಡಿಗೆ 150 ಮೀಟರ್ ಆಸುಪಾಸು ಇದ್ದರೆ ಸಾಕು. ಅದು 145ಕ್ಕೆ ಇಳಿದರೂ 10 ಮೀಟರಿನಲ್ಲಿ ಗುಂಡು ಕೆಳಗಾಗುವುದು ಒಂದೂವರೆ ಮಿ.ಮೀ. ಅಷ್ಟೇ. ವೇಗ ಅಳೆಯುವ ಕ್ರೋನೋಗ್ರಾಫ್ ಮುಂದೆ ಸಂಜೆಗಟ್ಟಲೆ ಕೂಡುವವರಿಗೆ ಈ ಲೆಕ್ಕ ರುಚಿಸುವುದಿಲ್ಲ.

ಪೆಲೆಟ್ ಪರೀಕ್ಷೆಗೆ ಪಿಸ್ತೂಲನ್ನು ಬಿಗಿಯಾಗಿ ಹಿಡಿಯುವ ಫಿಕ್ಸ್ಚರ್ ಬೇಕು. ಗ್ರಿಪ್ ಕಳಚಿ ಫ್ರೇಮನ್ನು ಹಿಡಿಯುವಂಥದು ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ಯಾವುದಾದರೂ ಲೇಥ್ ಅಂಗಡಿಯಲ್ಲಿ ಮಾಡಿಸಬಹುದು. ಸಿಲಿಂಡರನ್ನು ಮಾತ್ರ ವೈಸಿನಲ್ಲಿ ಹಿಂಡಬೇಡಿ. ಮುಂದೆ ಗೋಡೆ, ಪೆಲೆಟ್ ಟ್ರ್ಯಾಪ್ ಇರಲಿ, ಯಾರೂ ಓಡಾಡದಿರಲಿ, ಕಣ್ಣಿಗೆ ಕನ್ನಡಕ ಇರಲಿ. ಚಪ್ಪಟೆ ತಲೆಯ 4.5 ಮಿ.ಮೀ. ಪೆಲೆಟ್‌ಗಳಲ್ಲೇ ತಲೆಯ ಅಳತೆ 4.48ರಿಂದ 4.52ರವರೆಗೆ ಸಿಗುತ್ತದೆ, ಯಾವ ಬ್ಯಾರಲಿಗೆ ಯಾವುದು ಒಗ್ಗುತ್ತದೆಂದು ಹೊಡೆದೇ ನೋಡಬೇಕು. ಒಂದೊಂದರಲ್ಲಿ ಐದೈದು ಗುಂಡಿನ ಮೂರು ಗ್ರೂಪ್. ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ 7 ಮಿ.ಮೀ. ಒಳಗಿದ್ದರೆ ಹಿಂದುಮುಂದು ನೋಡದೆ ಆ ಪೆಲೆಟ್ ಖರೀದಿಸಿ, 10 ದಾಟಿದರೆ ಬಿಡಿ, ಏಕೆಂದರೆ ಗುರಿಹಾಳೆಯಲ್ಲಿ ಹತ್ತು ಅಂಕದ ವೃತ್ತವೇ 11.5 ಮಿ.ಮೀ. ಐದರಲ್ಲಿ ಒಂದೇ ದೂರ ಹೋದರೆ ಪೆಲೆಟಿನ ಹಿಂಬದಿಯ ಅಂಚು ನಗ್ಗಿದೆಯೇ ನೋಡಿ. ಸೀಸದ ಸಾಮಾನು, ಮಂಡಕ್ಕಿಯ ಗಿರ್ಮಿಟ್‌ಗೆ ಕೈ ಹಾಕುವ ಮುಂಚೆ ಸಾಬೂನು ಹಚ್ಚಿ ತೊಳೆಯಿರಿ.

ಈಗ ಸೈಟು. ಮುಂದಿನ, ಹಿಂದಿನ ಸೈಟುಗಳ ನಡುವೆ 320 ಮಿ.ಮೀ. ಅಂತರವಿದೆ ಎನ್ನಿ. ಇವೆರಡರ ಹೊಂದಾಣಿಕೆ 1 ಮಿ.ಮೀ. ತಪ್ಪಿದರೆ ಗುರಿಯಲ್ಲಿ 31 ಮಿ.ಮೀ. ತಪ್ಪುತ್ತದೆ. ಗುರಿಹಾಳೆಯಲ್ಲಿ ಒಂದು ಅಂಕದ ವೃತ್ತದಿಂದ ಮುಂದಿನ ವೃತ್ತಕ್ಕೆ 8 ಮಿ.ಮೀ., ಅಂದರೆ ಹೆಚ್ಚುಕಡಿಮೆ ನಾಲ್ಕು ಅಂಕ ಹೋಯಿತು. ಅದೇ ಸೈಟುಗಳ ಹೊಂದಾಣಿಕೆ ಕೆಡದೆ ಇಡೀ ಕೈ 1 ಮಿ.ಮೀ. ಅಲುಗಿದರೆ ಹೋಗುವುದು 1 ಮಿ.ಮೀ. ಮಾತ್ರ. ಫಿಕ್ಸ್ಚರಿನಲ್ಲಿ ಕೂರಿಸಿದ ಸೈಟು ಕೈಗೆ ಹೊಂದುವುದಿಲ್ಲವಾದ್ದರಿಂದ ನಿಂತು, ನಿಮ್ಮದೇ ಹಿಡಿತದಲ್ಲಿ ಹತ್ತು ಗುಂಡು ಹೊಡೆದು ಆ ಗುಂಪಿನ ನಡುಬಿಂದು ಹುಡುಕಿ. ಗುಂಡು ಯಾವ ಕಡೆ ಹೋಗಬೇಕೋ ಹಿಂದಿನ ಸೈಟನ್ನು ಆ ಕಡೆಗೇ ಸರಿಸಿ, ಮತ್ತೆ ಹತ್ತು ಹೊಡೆಯಿರಿ.