ಸುಟ್ಟ ನೋಟ್‌ಬುಕ್

ಊಟದ ಬಿಡುವಿನಲ್ಲಿ ಎಲಿಜಬೆತ್ ಅಸೆವೆಡೊ ಅವರ ‘ದಿ ಪೊಯೆಟ್ ಎಕ್ಸ್’ ಕಾದಂಬರಿ ಮುಗಿಸಿದೆ. ಡಬ್ಬಿಯ ಅನ್ನ ಹಾಗೇ ಉಳಿಯಿತು.

ತಾಯಿ ಮಗಳ ಕವಿತೆಯ ನೋಟ್‌ಬುಕ್ಕಿಗೆ ಬೆಂಕಿ ಇಡುತ್ತಾಳೆ. ಮಗಳು ಸಿಯೊಮಾರಾ, ಹದಿಹರೆಯದವಳು, ನ್ಯೂಯಾರ್ಕ್‌ನ ಹಾರ್ಲೆಮ್ ಬಡಾವಣೆಯ, ಡೊಮಿನಿಕನ್ ರಿಪಬ್ಲಿಕ್ ಮೂಲದ ಮನೆಯವಳು. ಹಾಳೆಗಳು ಉರಿಯುತ್ತಿರುವಾಗಲೇ ತನ್ನ ಸಾಲುಗಳನ್ನು ಬಾಯಿಪಾಠ ಒಪ್ಪಿಸುತ್ತಾಳೆ. ಸುಡುವುದಾದರೆ ಸುಡು, ನೆನಪಿನಲ್ಲಿದೆ ಎಂಬಂತೆ!

ನನ್ನನ್ನು ಹೆಚ್ಚು ಕಾಡಿದವಳು ತಾಯಿಯೇ. ಅವಳಿಗೆ ಕ್ರೈಸ್ತ ಸನ್ಯಾಸಿನಿಯಾಗುವ ಆಸೆಯಿತ್ತು. ಆದರೆ ಮದುವೆ ಮಾಡಿದರು, ಅಮೆರಿಕಕ್ಕೆ ಬಂದಳು. ತನ್ನ ಬದುಕನ್ನು ತಾನು ಆರಿಸಿಕೊಳ್ಳಲಾಗದವಳು ಮಗಳ ಮೈ, ಮಾತು, ಪ್ರಾರ್ಥನೆ ಎಲ್ಲಕ್ಕೂ ಕಾವಲು ಕೂತಿದ್ದಾಳೆ. ಮನೆಗೆಲಸವೂ ಮಗಳಿಗೇ. ಅವಳಿ ಸಹೋದರನಿಗೆ ಅದರಿಂದ ವಿನಾಯಿತಿ. (ಇದನ್ನು ಓದಲು ಹಾರ್ಲೆಮ್‌ವರೆಗೆ ಹೋಗಬೇಕಿತ್ತೇ!) ಆದರೆ ಅವನಿಗೂ ಒಂದು ಗುಟ್ಟಿದೆ. ಅವನು ಪ್ರೀತಿಸುವುದು ಹುಡುಗನನ್ನು, ಮನೆಯಲ್ಲಿ ಹೇಳುವಂತಿಲ್ಲ. ಗಂಡಾಗಿರುವ ಸವಲತ್ತು ಅಲ್ಲಿಗೆ ನಿಂತುಬಿಡುತ್ತದೆ.

2018ರಲ್ಲಿ ಇದಕ್ಕೆ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಬಂತು, ಕಿರಿಯರ ಸಾಹಿತ್ಯ ವಿಭಾಗದಲ್ಲಿ. ಇಡೀ ಕಾದಂಬರಿ ಪದ್ಯದಲ್ಲೇ ಇದೆ, ಗಂಟಲು ಬಿಟ್ಟು ಓದಬೇಕೆನಿಸುವ ಪದ್ಯ.

ಒಂದೇ ತಕರಾರು. ಕೊನೆಗೆ ಪಾದ್ರಿ ನಡುವೆ ಕೂತು ತಾಯಿ ಮಗಳನ್ನು ರಾಜಿ ಮಾಡಿಸುತ್ತಾರೆ. ಅಷ್ಟು ಬೇಗ ಕ್ಷಮಿಸಲು ನಾನಂತೂ ಸಿದ್ಧಳಿರಲಿಲ್ಲ. ಓದಿದವರು ಯಾರಾದರೂ ಇದ್ದರೆ ಜಗಳಕ್ಕೆ ಬನ್ನಿ.