ನಮ್ಮ ಮುತ್ಯಾ ದಿನಕ್ಕೆ ಐನೂರು ಮಾಡ್ತಿದ್ದ

ಪಕ್ಕದ ಮನೆಯ ಅಜ್ಜಿ ಹೋದ ತಿಂಗಳು ಒಂದು ಚಿತ್ರವನ್ನು ಹರಾಜಿಗೆ ಕೊಟ್ಟರು. ಮೆಟ್ಟಿಲ ಪಕ್ಕದ ಗೋಡೆಯ ಮೇಲಿತ್ತು. ಬರೀ ಕಪ್ಪು, ಬಿಳುಪು ಆಕಾರಗಳು. ಸ್ವಲ್ಪ ಹೊತ್ತು ನೋಡಿದರೆ ಗೋಡೆಯೇ ಅಲುಗಾಡಿದಂತೆ ಆಗುತ್ತಿತ್ತು. ನಾಲ್ಕು ವರ್ಷದಿಂದ ಅದರ ಪಕ್ಕದಲ್ಲೇ ಓಡಾಡಿದ್ದೇನೆ. ಯಾರದು ಅಂತ ಒಮ್ಮೆಯೂ ಕೇಳಿರಲಿಲ್ಲ.

ಬ್ರಿಜೆಟ್ ರೈಲಿಯದಂತೆ. ಇದೇ ಲಂಡನ್ನಿನಲ್ಲಿ 1931ರಲ್ಲಿ ಹುಟ್ಟಿದ ಕಲಾವಿದೆ. 1965ರಲ್ಲಿ ‘ಫ್ರಾಗ್ಮೆಂಟ್ಸ್’ ಅಂತ ಏಳು ಸ್ಕ್ರೀನ್ ಪ್ರಿಂಟ್ ಮಾಡಿಸಿದರು. ಅಂದರೆ ಚೌಕಟ್ಟಿಗೆ ಬಿಗಿದ ಜಾಲರಿ ಬಟ್ಟೆಯ ಸಣ್ಣ ತೂತುಗಳಿಂದ ಇಂಕು ಇಳಿಸಿ ಹಾಕುವ ಅಚ್ಚು. ಕಾಗದದ ಮೇಲಲ್ಲ, ಪ್ಲೆಕ್ಸಿಗ್ಲಾಸ್ ಅನ್ನುವ ಗಾಜಿನಂಥ ಪ್ಲಾಸ್ಟಿಕ್ ಹಾಳೆಯ ಮೇಲೆ. ಒಂದೊಂದಕ್ಕೆ 75 ಪ್ರತಿ, ಅಷ್ಟೇ. ಅದರಲ್ಲಿ ಒಂದನ್ನು ಅಜ್ಜಿ ಹುಡುಗಿಯಾಗಿದ್ದಾಗ ಕೊಂಡಿದ್ದರು. ವಾರವಾರ ಒಣ ಬಟ್ಟೆಯಲ್ಲಿ ಒರೆಸುತ್ತಿದ್ದರು. ಆ ಪ್ರೀತಿಯಿಂದಲೇ ಸಣ್ಣ ಗೀರುಗಳು ಬಿದ್ದಿವೆ, ಬೆಲೆ ಇಳಿಯುತ್ತದೆ ಅಂತ ಹರಾಜಿನವರು ಹೇಳಿದಾಗ ಪಾಪ, ಬಹಳ ನೊಂದುಕೊಂಡರು.

ಚಿತ್ರ ಒಯ್ಯಲು ಬಂದ ದಿನ ನಾನೂ ಮಗಳೂ ಅಲ್ಲೇ ಇದ್ದೆವು. ಒಂಬತ್ತು ವರ್ಷದವಳು, ಸುಮ್ನೆ ಇರಬೇಕಲ್ಲ. ‘ಸ್ಕ್ರೀನ್ ಪ್ರಿಂಟಾ? ನಮ್ಮ ಮುತ್ಯಾ ಇಂಥವು ದಿನಕ್ಕೆ ಐನೂರು ಮಾಡ್ತಿದ್ದ’ ಅಂದುಬಿಟ್ಟಳು.

ನನಗೆ ನಾಚಿಕೆಯಾಯಿತು. ಯಾಕೆ ಆಯಿತೋ ಅಂತ ಈಗ ಇನ್ನೂ ಜಾಸ್ತಿ ನಾಚಿಕೆ. ಅಜ್ಜಿ ಮಾತ್ರ ನಗಲಿಲ್ಲ. ‘ಹೌದಾ? ಒಂದು ತಂದು ತೋರಿಸು’ ಅಂದರು.

ಮನೆಗೆ ಬಂದು ಹುಡುಕಿದೆ. ಒಂದೂ ಇರಲಿಲ್ಲ. ನನ್ನ ಲಗ್ನದ ಕಾರ್ಡು ಕೂಡ ಇರಲಿಲ್ಲ.

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಓಣಿಯಲ್ಲಿ ಅಪ್ಪನ ಅಂಗಡಿ ಇತ್ತು. ಲಗ್ನಪತ್ರಿಕೆ, ಬಟ್ಟೆಯ ಬ್ಯಾನರ್, ಜಾತ್ರೆಯ ಪೋಸ್ಟರ್. ಲಗ್ನದ ಸುಗ್ಗಿ ಇರುವುದೇ ಬೇಸಿಗೆಯಲ್ಲಿ. ನಮ್ಮೂರ ಬಿಸಿಲು ಗೊತ್ತಲ್ಲ? ಹಗಲು ಇಂಕು ಹಾಕಿ ಎರಡು ಸಲ ಎಳೆಯುವಷ್ಟರಲ್ಲಿ ಸ್ಕ್ರೀನಿನ ಸಣ್ಣ ತೂತುಗಳೊಳಗೇ ಒಣಗಿ ಕೂತುಬಿಡುತ್ತಿತ್ತು. ಅದಕ್ಕೇ ಅಪ್ಪ ರಾತ್ರಿ ಕೆಲಸಕ್ಕೆ ಕೂಡುತ್ತಿದ್ದರು. ಒಂದು ಕೈಯಲ್ಲಿ ಫ್ರೇಮ್ ಎತ್ತುವುದು, ಕಾರ್ಡು ಇಡುವುದು, ಫ್ರೇಮ್ ಇಳಿಸಿ ಎರಡೂ ಕೈಯಲ್ಲಿ ಸ್ಕ್ವೀಜಿ ಅನ್ನುವ ರಬ್ಬರ್ ಪಟ್ಟಿ ಎಳೆಯುವುದು. ನಾನು ಒಂದೊಂದೇ ಕಾರ್ಡು ತೆಗೆದು ನೆಲದ ಮೇಲೆ ಹರಡಬೇಕು. ಮೊದಲು ಬಂಗಾರದ ಬಣ್ಣ. ಅದು ಒಣಗಿದ ಮೇಲೆ ಕೆಂಪು. ಕೂದಲೆಳೆಯಷ್ಟು ಸರಿದರೂ ಗಣಪತಿಯ ಕಣ್ಣು ಕೆನ್ನೆಗೆ ಇಳಿಯುತ್ತಿತ್ತು. ಅಂಥ ಕಾರ್ಡುಗಳನ್ನು ಅಪ್ಪ ಹರಿಯುತ್ತಿರಲಿಲ್ಲ, ದೇವರಲ್ವಾ. ಪಕ್ಕಕ್ಕಿಡುತ್ತಿದ್ದರು. ಅವುಗಳ ಹಿಂದೆಯೇ ನಾನು ಮಗ್ಗಿ ಬರೆದು ಕಲಿತದ್ದು.

ಅಚ್ಚಾದದ್ದನ್ನು ಇಟ್ಟುಕೊಳ್ಳುವ ರೂಢಿ ನಮ್ಮಲ್ಲಿಲ್ಲ. ಎಸ್.ಎಂ. ಪಂಡಿತರು ನಮ್ಮೂರಲ್ಲೇ 1916ರಲ್ಲಿ ಹುಟ್ಟಿದವರು. ಅವರ ದೇವರ ಚಿತ್ರಗಳು ಕ್ಯಾಲೆಂಡರಿನಲ್ಲಿ ಊರೂರು ತಿರುಗಿದವು. ಅವರ ಹೆಸರಲ್ಲಿ ರಂಗಮಂದಿರ ಕಟ್ಟಿದ್ದೇವೆ, ಖರೆ. ಆದರೆ ವರ್ಷ ಮುಗಿದ ಮೇಲೆ ಕ್ಯಾಲೆಂಡರ್ ಏನು ಮಾಡುತ್ತಿದ್ದೆವು? ಶಾಲೆಯ ಪುಸ್ತಕಕ್ಕೆ ಹೊದಿಕೆ. ಅದೂ ಚಿತ್ರ ಒಳಗಡೆ, ಬಿಳಿ ಮೈ ಹೊರಗಡೆ.

ಅಜ್ಜಿಯ ಚಿತ್ರ ಹೋಯಿತು. ಹರಾಜಿನಲ್ಲಿ ಒಂದು ಸಣ್ಣ ಕಾರು ಬರುವಷ್ಟು ದುಡ್ಡು ಬಂತು. ಗೋಡೆಯ ಮೇಲೆ ಈಗ ಅದರ ಅಳತೆಯ ಒಂದು ಬೆಳ್ಳನೆಯ ಚೌಕ ಉಳಿದಿದೆ.

ಅಪ್ಪನಿಗೆ ಫೋಟೋ ಕಳಿಸಿ ಫೋನು ಮಾಡಿದೆ. ರೇಟು ಹೇಳಿದೆ. ಅವರು ಅದರ ಬಗ್ಗೆ ಮಾತೇ ಆಡಲಿಲ್ಲ.

‘ಗಾಜಿನಂಥಾ ಹಾಳಿ ಮ್ಯಾಲ ಇಷ್ಟು ಚೂಪ ಅಂಚು! ಇಂಕು ಎಲ್ಲೂ ಹರಿದಿಲ್ಲ ನೋಡು. ಎಳದಂವನ ಕೈ ಭಾಳ ಚಲೋ ಅದ. ಯಾರಂವ?’

ಇಷ್ಟು ದಿನದಲ್ಲಿ ನಾವ್ಯಾರೂ ಕೇಳದ ಪ್ರಶ್ನೆ. ಹುಡುಕಿ ಹೇಳಿದೆ. ಚಿತ್ರ ರೈಲಿಯದು, ಅಚ್ಚು ಹಾಕಿದ್ದು ಲಂಡನ್ನಿನ ಕೆಲ್ಪ್ರಾ ಸ್ಟುಡಿಯೋ. ಕ್ರಿಸ್ ಪ್ರೇಟರ್ ಅನ್ನುವವರ ಪ್ರೆಸ್. ಕಲಾವಿದರು ಬರುವುದಕ್ಕಿಂತ ಮುಂಚೆ ಪೋಸ್ಟರ್ ಗೀಸ್ಟರ್ ಮಾಡುತ್ತಿದ್ದವರು.

‘ಅಂದ್ರ ನಮ್ಮವನೇ ಅನ್ನು’ ಅಂದರು. ಆಮೇಲೆ, ‘75 ಅಷ್ಟೇ ಯಾಕ? ಇನ್ನೊಂದು ಬೇಕಂತ ಗಿರಾಕಿ ಬಂದ್ರ?’

‘ಮಾಡಂಗಿಲ್ಲಪ್ಪಾ. ಅದಕ್ಕೇ ಅಷ್ಟು ರೇಟು.’

‘ಬಂದ ಗಿರಾಕಿಗೆ ಇಲ್ಲ ಅಂತಾರಾ?’ ಅಪ್ಪನಿಗೆ ಅದು ಒಗ್ಗಲಿಲ್ಲ.

ಅಷ್ಟರಲ್ಲಿ ಮಗಳು ಫೋನು ಕಸಿದುಕೊಂಡಳು. ‘ಮುತ್ಯಾ, ನೀ ಮಾಡಿದ್ದು ಒಂದು ಬೇಕು. ಅಜ್ಜಿಗೆ ತೋರಿಸಬೇಕು.’

‘ನಿಮ್ಮಪ್ಪನ ಲಗ್ನದ್ದು ಒಂದು ಇರಬೇಕು ನೋಡವ್ವ. ಎಣ್ಣಿ ಡಬ್ಬಿ ಕೆಳಗ ನಿಮ್ಮಪ್ಪನ ಅವ್ವ ಹಾಸ್ಯಾಳ. ತಡಿ.’

ಫೋನು ಕಟ್ಟೆಯ ಮೇಲಿಟ್ಟು ಹೋದರು. ಡಬ್ಬಿಗಳನ್ನು ಸರಿಸುವ ಸಪ್ಪಳ, ‘ಏನ್ ಹುಡುಕ್ತೀರಿ?’ ಅಂತ ಅವ್ವ ಬೈಯುವುದು, ಎರಡೂ ಕೇಳುತ್ತಿದ್ದವು.